ಹೊಟ್ಟೆ ಸಾಫ್ ಆಗುತ್ತಿಲ್ಲವೇ? ಪುಡಿಯ ಡಬ್ಬಿ ತೆರೆಯುವ ಮೊದಲು

ನನ್ನ ದವಾಖಾನೆಗೆ ಬರುವವರಲ್ಲಿ ಮಲಬದ್ಧತೆಯನ್ನೇ ಮೊದಲ ದೂರಾಗಿ ಹೇಳುವವರು ಕಡಿಮೆ. ಶಿರಸಿಯಲ್ಲಾಗಲಿ, ವಾರಕ್ಕೊಮ್ಮೆ ನಾನು ಹೋಗಿ ಕೂರುವ ಸಿದ್ದಾಪುರ, ಯಲ್ಲಾಪುರಗಳಲ್ಲಾಗಲಿ, ಮಾತು ಶುರುವಾಗುವುದು ತಲೆನೋವಿನಿಂದ, ಗ್ಯಾಸಿನಿಂದ, ಬಾಯಿಯ ವಾಸನೆಯಿಂದ. ಎಲ್ಲ ಹೇಳಿ ಮುಗಿಸಿ, ಚೀಟಿ ಕೈಗೆ ತೆಗೆದುಕೊಂಡು, ಬಾಗಿಲವರೆಗೆ ಹೋಗಿ, ಮತ್ತೆ ತಿರುಗಿ ಬಂದು ದನಿ ತಗ್ಗಿಸಿ, "ಹಕೀಮ್ ಸಾಬ್, ಹೊಟ್ಟೆ ಸಾಫ್ ಆಗೋದಿಲ್ಲ, ಅದಕ್ಕೂ ಒಂದು ಪುಡಿ ಬರೆದುಬಿಡಿ" ಎನ್ನುತ್ತಾರೆ. ಹೆಂಗಸರಾದರೆ ಅದನ್ನೂ ಹೇಳುವುದಿಲ್ಲ. ಜೊತೆಗೆ ಬಂದ ಅತ್ತೆಯೋ ನಾದಿನಿಯೋ ಹೇಳಬೇಕು.

ಹೀಗೆ ನಾಚಿಕೊಂಡು ವೈದ್ಯರಿಗೆ ಹೇಳದವರು ಗ್ರಂದಿಗೆ ಅಂಗಡಿಯವನಿಗೆ ಮಾತ್ರ ಹೇಳುತ್ತಾರೆ. ಅವನು ಸೋನಾಮುಖಿ ಪುಡಿ ಕಟ್ಟಿಕೊಡುತ್ತಾನೆ. ಮೊದಲ ದಿನ ಚೆನ್ನಾಗಿ ಆಗುತ್ತದೆ. ಆಮೇಲೆ ಆ ಪುಡಿ ಮನೆಯ ಕಪಾಟಿನಲ್ಲಿ ಉಪ್ಪಿನ ಡಬ್ಬಿಯಷ್ಟೇ ಖಾಯಂ ಆಗಿಬಿಡುತ್ತದೆ. ಈ ತಿಂಗಳ ಲೇಖನ ಮುಖ್ಯವಾಗಿ ಆ ಡಬ್ಬಿ ಇರುವ ಮನೆಗಳಿಗೆ.

ಯಾವುದು ಮಲಬದ್ಧತೆ?

ದಿನಕ್ಕೊಮ್ಮೆ ಆಗದಿದ್ದರೆ ಅದು ಕಬ್ಝ್ ಎಂದು ಹೆಚ್ಚಿನವರು ತಿಳಿದಿದ್ದಾರೆ. ಅದು ಸರಿಯಲ್ಲ. ದಿನಕ್ಕೆ 3 ಸಲದಿಂದ ಹಿಡಿದು ವಾರಕ್ಕೆ 3 ಸಲದವರೆಗೆ ಎಲ್ಲವೂ ಸಹಜವೇ. ಎರಡು ದಿನಕ್ಕೊಮ್ಮೆ ಹೋಗುವವರಿಗೆ ಮಲ ಮೆತ್ತಗಿದ್ದು, ತಿಣುಕದೆ ಆಗಿ, ಹೊಟ್ಟೆ ಹಗುರಾದರೆ ಅವರಿಗೆ ಯಾವ ರೋಗವೂ ಇಲ್ಲ. ಪ್ರತಿದಿನ ಹೋಗಿಯೂ ಕಾಲು ಗಂಟೆ ತಿಣುಕಿ, ಆಡಿನ ಹಿಕ್ಕೆಯಂಥ ಗಟ್ಟಿ ಉಂಡೆ ಬಂದು, ಇನ್ನೂ ಒಳಗೆ ಉಳಿದಿದೆ ಅನಿಸಿದರೆ ಅದು ಮಲಬದ್ಧತೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಮಲದ ರೂಪವನ್ನು 7 ಬಗೆಯಾಗಿ ವಿಂಗಡಿಸಿದ ಒಂದು ಪಟ್ಟಿ ತಯಾರಾಯಿತು. 1997ರ ಹೊತ್ತಿಗೆ ಬಳಕೆಗೆ ಬಂದ ಆ ಪಟ್ಟಿಯನ್ನು ಇಂದು ಜಗತ್ತಿನ ವೈದ್ಯರೆಲ್ಲ ಉಪಯೋಗಿಸುತ್ತಾರೆ. ಮೊದಲ ಎರಡು ಬಗೆ, ಅಂದರೆ ಬಿಡಿ ಉಂಡೆ ಮತ್ತು ಗಂಟುಗಂಟಾದ ಗಟ್ಟಿ ಮಲ, ಕರುಳಿನಲ್ಲಿ ಬಹಳ ಹೊತ್ತು ನಿಂತದ್ದರ ಗುರುತು. ಅಲ್ಲಿ ನಿಂತಷ್ಟೂ ದೊಡ್ಡಕರುಳು ಅದರ ನೀರನ್ನು ಹೀರುತ್ತಲೇ ಇರುತ್ತದೆ. ಒಮ್ಮೆ ಇಳಿದು ನೋಡಿ ಬಂದರೆ ನನಗೆ ಹೇಳಲು ನಿಮಗೂ ಸುಲಭ, ತಿಳಿದುಕೊಳ್ಳಲು ನನಗೂ ಸುಲಭ. ಅದರಲ್ಲಿ ಅಸಹ್ಯಪಡುವಂಥದ್ದು ಏನೂ ಇಲ್ಲ.

ಕಬ್ಝ್ ಎಲ್ಲ ರೋಗಗಳ ತಾಯಿ ಎಂಬ ಮಾತು ಹಕೀಮರ ನಡುವೆ ಹಳೆಯದು. ನಾನು ಅಷ್ಟು ದೂರ ಹೋಗುವುದಿಲ್ಲ. ಎಲ್ಲ ರೋಗಕ್ಕೂ ಅದೊಂದೇ ತಾಯಿಯಾಗಿದ್ದರೆ ನನ್ನ ಕೆಲಸ ಬಹಳ ಹಗುರವಾಗಿರುತ್ತಿತ್ತು. ಆದರೆ ಮೂಲವ್ಯಾಧಿ, ಗುದದ ಬಿರುಕು, ಹರ್ನಿಯಾದ ತೊಂದರೆ ಹೆಚ್ಚುವುದು, ಹಸಿವು ಸಾಯುವುದು, ಇವಕ್ಕೆಲ್ಲ ಅದು ದಾರಿ ಮಾಡಿಕೊಡುವುದಂತೂ ನಿಜ.

ಕರೆ ಬಂದಾಗ ತಡೆಯುವುದು

ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ 6 ಸಂಗತಿಗಳನ್ನು ಅಸ್ಬಾಬೆ ಸಿತ್ತಾ ಝರೂರಿಯ್ಯಾ ಎಂದು ಕರೆಯುತ್ತೇವೆ. ಗಾಳಿ, ಅನ್ನಪಾನ, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ದುಡಿಮೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಆರನೆಯದು ಹೊರಹಾಕಬೇಕಾದ್ದನ್ನು ಹೊರಹಾಕುವುದು, ಉಳಿಸಿಕೊಳ್ಳಬೇಕಾದ್ದನ್ನು ಉಳಿಸಿಕೊಳ್ಳುವುದು. ಮಲಬದ್ಧತೆ ಆರನೆಯದರ ಕೆಡುಕು ಎಂದು ಕಂಡರೂ ಅದರ ಬೇರು ಮೊದಲ ಐದರಲ್ಲಿ ಎಲ್ಲೋ ಇರುತ್ತದೆ. ದೇಹದಲ್ಲಿ ಹೊರತಳ್ಳುವ ಒಂದು ಶಕ್ತಿಯಿದೆ, ಅದಕ್ಕೆ ಕುವ್ವತೆ ದಾಫಿಆ ಎಂದು ಹೆಸರು. ಅದನ್ನು ಮತ್ತೆ ಮತ್ತೆ ತಡೆದರೆ ಅದು ಮೊಂಡಾಗುತ್ತದೆ. ಇಂದಿನ ಶರೀರಶಾಸ್ತ್ರವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ: ಮಲ ಗುದನಾಳಕ್ಕೆ ಇಳಿದಾಗ ನರಗಳು ಸೂಚನೆ ಕೊಡುತ್ತವೆ, ನಾವು ಬಿಗಿಹಿಡಿದರೆ ಸೂಚನೆ ಅಡಗುತ್ತದೆ, ದಿನವೂ ಹೀಗಾದರೆ ಗುದನಾಳ ಹಿಗ್ಗಿ ಸೂಚನೆಯೇ ಬಾರದಾಗುತ್ತದೆ.

ನಮ್ಮ ಕಡೆ ಯಾರು ತಡೆದುಕೊಳ್ಳುತ್ತಾರೆ ನೋಡಿ. ಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು ರಾತ್ರಿಯವರೆಗೆ ಅಡಿಕೆ ಸುಲಿಯುವ ಹೆಂಗಸರು. ಅವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ, ಎದ್ದು ಹೋದರೆ ಲೆಕ್ಕ ತಪ್ಪುತ್ತದೆ. ಬಟ್ಟೆ ಅಂಗಡಿಗಳಲ್ಲಿ ಕೆಲಸಕ್ಕಿರುವ ಹುಡುಗಿಯರು. ಶಿರಸಿಯಿಂದ ಹುಬ್ಬಳ್ಳಿಗೆ, ಕುಮಟೆಗೆ ದಿನವೂ ಬಸ್ಸಿನಲ್ಲಿ ಓಡಾಡುವವರು. ಶಾಲೆಯ ಶೌಚಾಲಯಕ್ಕೆ ಹೋಗಲು ಹೆದರುವ ಮಕ್ಕಳು. ಇನ್ನೊಂದು ವರ್ಗವೂ ಇದೆ, ಅದನ್ನು ನಮ್ಮ ಪತ್ರಿಕೆಯಲ್ಲೇ ಹೇಳಬೇಕು. ಮಗ್ರಿಬ್‌ಗೆ ಮಾಡಿದ ವುಝೂ ಇಶಾದವರೆಗೆ ಉಳಿಯಲಿ ಎಂದು ಹೊಟ್ಟೆ ಬಿಗಿಹಿಡಿದು ಕೂರುವವರು. ಮಲಮೂತ್ರದ ಒತ್ತಡವನ್ನು ತಡೆದುಕೊಂಡು ನಮಾಝ್ ಮಾಡಬಾರದೆಂದು ಪ್ರವಾದಿ(ಸ)ರು ಕಲಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿದೆ. ಚಳಿಗಾಲದಲ್ಲಿ ತಣ್ಣೀರಿನ ವುಝೂ ಕಷ್ಟವೇ ಹೌದು, ಒಂದು ತಂಬಿಗೆ ಬಿಸಿನೀರು ಇಟ್ಟುಕೊಳ್ಳಿ. ಕರುಳನ್ನು ಶಿಕ್ಷಿಸಬೇಡಿ.

ಕರುಳಿಗೆ ಒಂದು ಗಡಿಯಾರವಿದೆ. ಎದ್ದ ಮೇಲೆ ಮತ್ತು ಉಂಡ ಮೇಲೆ ದೊಡ್ಡಕರುಳು ಚುರುಕಾಗುತ್ತದೆ, ಬೆಳಗಿನ ತಿಂಡಿಯ ನಂತರ ಇದು ಎಲ್ಲಕ್ಕಿಂತ ಜೋರು. ಫಜ್ರ್ ಆದ ಮೇಲೆ ಒಂದು ಲೋಟ ಬೆಚ್ಚಗಿನ ನೀರು, ಸ್ವಲ್ಪ ನಡಿಗೆ, ತಿಂಡಿ, ತಿಂಡಿಯಾದ ಅರ್ಧ ಗಂಟೆಯೊಳಗೆ ಶೌಚಾಲಯ. ಬರಲಿ ಬಿಡಲಿ, 10 ನಿಮಿಷ ಕೂತು ಎದ್ದುಬನ್ನಿ. ಹೀಗೆ 3–4 ವಾರ ಬಿಡದೆ ಮಾಡಿದವರಲ್ಲಿ ಪುಡಿಯೇ ಬೇಡವಾದವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಮೊಬೈಲು ಹೊರಗಿರಲಿ. ಅದನ್ನು ಒಳಗೆ ಒಯ್ದವರು ಅರ್ಧ ಗಂಟೆ ಕೂರುತ್ತಾರೆ, ಗುದದ ರಕ್ತನಾಳಗಳು ಅಷ್ಟು ಹೊತ್ತೂ ಊದಿಕೊಳ್ಳುತ್ತವೆ, ಆಮೇಲೆ ಮೂಲವ್ಯಾಧಿಗೆ ಔಷಧಿ ಕೇಳಲು ನನ್ನಲ್ಲಿಗೇ ಬರುತ್ತಾರೆ.

ಮಂಡಿನೋವಿನಿಂದಾಗಿ ಮನೆಯಲ್ಲಿ ಕಮೋಡ್ ಹಾಕಿಸಿದವರು ಕಾಲ ಕೆಳಗೆ ಒಂದು ಗೇಣು ಎತ್ತರದ ಮಣೆ ಇಟ್ಟುಕೊಳ್ಳಿ. ಮೊಣಕಾಲು ಸೊಂಟಕ್ಕಿಂತ ಮೇಲೆ ಬಂದು ಮೈ ಸ್ವಲ್ಪ ಮುಂದೆ ಬಾಗಿದರೆ ಕುಕ್ಕುರುಗಾಲಿನಲ್ಲಿ ಕೂತಾಗಿನಂತೆ ಗುದನಾಳದ ಬಾಗು ನೇರವಾಗುತ್ತದೆ. ನೂರಿನ್ನೂರು ರೂಪಾಯಿಯ ಮಣೆ ಮಾಡುವ ಕೆಲಸವನ್ನು ಎಷ್ಟೋ ಸಲ ಔಷಧಿ ಮಾಡಲಾರದು.

ತಟ್ಟೆಯಲ್ಲಿ ಏನಿದೆ?

ವಯಸ್ಕರಿಗೆ ದಿನಕ್ಕೆ 25ರಿಂದ 30 ಗ್ರಾಮ್ ನಾರಿನಂಶ ಬೇಕು. ಪಾಲಿಶ್ ಮಾಡಿದ ಅಕ್ಕಿಯ ಅನ್ನ ಒಂದು ಬಟ್ಟಲು ಉಂಡರೆ 1 ಗ್ರಾಮ್ ಕೂಡ ಸಿಗದು. ಮೈದಾದ ಪರೋಟ, ಬನ್ನು, ಬಿಸ್ಕತ್ತು, ಬಿರಿಯಾನಿ, ಮಾಂಸದ ಸಾರು, ಮೊಟ್ಟೆ, ನಮ್ಮ ಮನೆಗಳ ಶುಕ್ರವಾರದ ತಟ್ಟೆಯನ್ನು ನೆನಪಿಸಿಕೊಳ್ಳಿ. ಮಾಂಸದಲ್ಲಿ ನಾರು ಇಲ್ಲವೇ ಇಲ್ಲ. "ನಾನು ದಿನಾ ಖರ್ಜೂರ ತಿಂತೇನಲ್ಲ" ಎನ್ನುವವರಿದ್ದಾರೆ. ತಿನ್ನಿ, ಒಳ್ಳೆಯದೇ. ಆದರೆ 3 ಖರ್ಜೂರದಲ್ಲಿ ಸಿಗುವ ನಾರು ಸುಮಾರು 2 ಗ್ರಾಮ್ ಅಷ್ಟೇ. ಒಂದು ಸಾಧಾರಣ ಗಾತ್ರದ ಪೇರಲೆ ಹಣ್ಣು ಅದಕ್ಕಿಂತ ಎರಡು ಪಟ್ಟು ಕೊಡುತ್ತದೆ. ಅರ್ಧ ಬಟ್ಟಲು ಬೇಯಿಸಿದ ಕಡಲೆಕಾಳಿನಲ್ಲಿ 6 ಗ್ರಾಮ್ ಇದೆ.

ಈ ಮೂರು ತಾಲೂಕುಗಳಲ್ಲಿ ಕೂತು ನಾರಿಗಾಗಿ ಪೇಟೆಯ ಓಟ್ಸ್ ಹುಡುಕುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ. ನಮ್ಮ ಬೇಲಿಯಲ್ಲೇ ಬಸಳೆ ಹಬ್ಬಿದೆ. ಹರಿವೆ, ಹೊನಗೊನ್ನೆ, ಒಂದೆಲಗ ಇದೆ. ಹಲಸಿನ ಕಾಯಿ, ಹಣ್ಣು, ಬೇಳೆ ಮೂರೂ ನಾರಿನ ಗಣಿ. ಪಪ್ಪಾಯಿ ಮರದಲ್ಲೇ ಹಣ್ಣಾಗಿ ಹಕ್ಕಿಯ ಪಾಲಾಗುತ್ತಿದೆ. ಮೊದಲ ಮಳೆಗೆ ರಸ್ತೆಬದಿಯಲ್ಲಿ ಏಳುವ ಚಗಟೆ ಸೊಪ್ಪು (ಕೆಲವರು ತಗಟೆ ಎನ್ನುತ್ತಾರೆ) ಸೋನಾಮುಖಿಯ ಹತ್ತಿರದ ನೆಂಟ. ಅದರ ಎಳೆ ಕುಡಿಯ ಪಲ್ಯ ಹೊಟ್ಟೆಯನ್ನು ಮೃದುವಾಗಿ ಸಡಿಲಿಸುತ್ತದೆ. ನೆರೆಮನೆಯ ಹವ್ಯಕರ ಅಡುಗೆಯಲ್ಲಿ ಇಂಥ ಸೊಪ್ಪುಗಳಿಗೆ ಮಜ್ಜಿಗೆ ಕೂಡಿಸಿ ತಂಬುಳಿ ಮಾಡುತ್ತಾರೆ. ಊಟದ ಮೊದಲ ತುತ್ತಿಗೇ ಸೊಪ್ಪು, ಮಜ್ಜಿಗೆ ಎರಡೂ ಹೊಟ್ಟೆ ಸೇರುವ ಈ ಪದ್ಧತಿ ನಮ್ಮ ಮನೆಗಳಿಗೂ ಬರಬೇಕು. ನನ್ನ ಮನೆಯಲ್ಲಿ ಬಿರಿಯಾನಿಯ ದಿನವೂ ಒಂದೆಲಗದ ತಂಬುಳಿ ಇರುತ್ತದೆ, ಮಕ್ಕಳು ಗೊಣಗುತ್ತಲೇ ಕುಡಿಯುತ್ತಾರೆ.

ನಾರು ನಮಗೆ ಜೀರ್ಣವಾಗುವುದಿಲ್ಲ, ಆದರೆ ದೊಡ್ಡಕರುಳಿನಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳಿಗೆ ಅದೇ ಊಟ. ಅವು ಅದನ್ನು ಹುಳಿಸಿ ಕರುಳಿನ ಗೋಡೆಗೆ ಪೋಷಣೆ ಕೊಡುವ ಆಮ್ಲಗಳನ್ನು ತಯಾರಿಸುತ್ತವೆ. ಆದ್ದರಿಂದಲೇ ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು ಮೂರು ವಾರದಲ್ಲಿ ನಿಧಾನವಾಗಿ ಹೆಚ್ಚಿಸಿ.

ನೀರಿನ ವಿಷಯ. ಬರೀ ನೀರು ಕುಡಿದರೆ ಮಲಬದ್ಧತೆ ಹೋಗುತ್ತದೆ ಎಂಬುದು ಅರ್ಧ ಸತ್ಯ. ಸಾಕಷ್ಟು ಕುಡಿಯುತ್ತಿರುವವರು ಇನ್ನೂ ಎರಡು ಲೀಟರ್ ಸುರಿದುಕೊಂಡರೆ ಹೆಚ್ಚುವುದು ಮೂತ್ರ ಮಾತ್ರ. ಆದರೆ ಮಲೆನಾಡಿನ ಮಳೆಗಾಲದಲ್ಲಿ ನಮಗೆ ಬಾಯಾರಿಕೆಯೇ ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಲವರು ಚಹಾ ಬಿಟ್ಟು ಬೇರೇನೂ ಕುಡಿದಿರುವುದಿಲ್ಲ, ಹೊರಗೆ ಮಳೆಯೆಂದು ನಡೆಯುವುದೂ ನಿಂತಿರುತ್ತದೆ. ನನ್ನಲ್ಲಿಗೆ ಮಲಬದ್ಧತೆಯವರು ಹೆಚ್ಚು ಬರುವುದು ಆಗಲೇ.

ಇಸಬ್‌ಗೋಲ್ ಮತ್ತು ಸೋನಾಮುಖಿ

ಇಸಬ್‌ಗೋಲ್ ಪಾರಸಿ ಹೆಸರು, ಕುದುರೆಯ ಕಿವಿ ಎಂದು ಅರ್ಥ. ಬೀಜದ ಆಕಾರ ಹಾಗಿದೆ. ಅದರ ವ್ಯಾಪಾರಕ್ಕೆ ಹೆಸರಾದ ಊರು ಗುಜರಾತಿನ ಸಿದ್ಧಪುರ. ಡಬ್ಬಿಯ ಮೇಲೆ ಆ ಹೆಸರು ನೋಡಿ ನಮ್ಮ ಸಿದ್ದಾಪುರದ್ದೇ ಎಂದುಕೊಂಡ ಅಜ್ಜ ಒಬ್ಬರು ನನಗೆ ಗೊತ್ತು. ಇದು ನಾರು, ಜುಲಾಬಲ್ಲ. ನೀರನ್ನು ಹಿಡಿದುಕೊಂಡು ಉಬ್ಬಿ ಮಲವನ್ನು ಮೆತ್ತಗಾಗಿಸುತ್ತದೆ, ಪರಿಣಾಮಕ್ಕೆ ಎರಡು ಮೂರು ದಿನ ಬೇಕು. ಒಂದು ಚಮಚ ಹೊಟ್ಟನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕದಡಿ, ಗಟ್ಟಿಯಾಗುವ ಮೊದಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ಎರಡು ಗುಟುಕು ನೀರಿನಲ್ಲಿ ನುಂಗಿ ಹಾಗೇ ಮಲಗಿದರೆ ಅದು ಗಂಟಲಲ್ಲೋ ಕರುಳಲ್ಲೋ ಉಬ್ಬಿ ಕಟ್ಟಿಕೊಳ್ಳಬಹುದು. ನುಂಗಲು ಕಷ್ಟವಿರುವ ವೃದ್ಧರಿಗೆ ಕೊಡಬೇಡಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಎರಡು ತಾಸಿನ ಅಂತರ ಇಡಿ.

ಸೋನಾಮುಖಿ, ಅಂದರೆ ಸನಾ, ಬೇರೆಯೇ ಜಾತಿ. ಅದು ದೊಡ್ಡಕರುಳನ್ನು ಕೆಣಕಿ 6ರಿಂದ 12 ತಾಸಿನಲ್ಲಿ ಹೊರದೂಡಿಸುತ್ತದೆ. ಹದೀಸ್ ಗ್ರಂಥಗಳಲ್ಲಿ ಸನಾದ ಪ್ರಸ್ತಾಪ ಇದೆಯೆಂಬ ಕಾರಣಕ್ಕೆ ಹಲವರು ಅದನ್ನು ದಿನವೂ ತೆಗೆದುಕೊಳ್ಳುವುದೇ ಪುಣ್ಯವೆಂದು ತಿಳಿದಿದ್ದಾರೆ. ಔಷಧಿಯ ಹೊಗಳಿಕೆ ಔಷಧಿಯಾಗಿ ಬಳಸುವುದಕ್ಕೆ, ಚಟ್ನಿಯಂತೆ ದಿನವೂ ನೆಕ್ಕುವುದಕ್ಕಲ್ಲ. ಯುನಾನಿ ವೈದ್ಯರು ಮೃದುಕಾರಿಯನ್ನು ಮುಲಯ್ಯಿನ್ ಎಂದೂ ಜುಲಾಬನ್ನು ಮುಸ್ಹಿಲ್ ಎಂದೂ ಬೇರೆಬೇರೆ ಇಟ್ಟರು. ಜುಲಾಬು ಕೊಡುವ ಮೊದಲು ದೇಹವನ್ನು ಹದಗೊಳಿಸುವ ಮುಂಝಿಜ್ ಕೊಡುತ್ತಿದ್ದರು. ಸನಾ ಕೊಟ್ಟಾಗಲೂ ಹೊಟ್ಟೆ ತಿರುಚದಿರಲೆಂದು ಗುಲಾಬಿ ಹೂವೋ ಬಾದಾಮಿ ಎಣ್ಣೆಯೋ ಕೂಡಿಸುತ್ತಿದ್ದರು. ಗ್ರಂದಿಗೆ ಅಂಗಡಿಯ ಪೊಟ್ಟಣದಲ್ಲಿ ಇದೊಂದೂ ಇರುವುದಿಲ್ಲ. ವೈದ್ಯರು ಹೇಳದೆ ಒಂದು ವಾರಕ್ಕಿಂತ ಹೆಚ್ಚು ಸನಾ ಬೇಡ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಮನೆಮದ್ದಾಗಿ ಬೇಡವೇ ಬೇಡ. ವರ್ಷಗಟ್ಟಲೆ ತೆಗೆದುಕೊಂಡವರ ಕರುಳಿನ ಒಳಗೋಡೆ ಕಪ್ಪಾಗಿರುವುದು ದುರ್ಬೀನು ಹಾಕಿ ನೋಡಿದಾಗ ಕಾಣುತ್ತದೆ.

ಅವಸರದ ಚಿಕಿತ್ಸೆ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ವೈದ್ಯಕೀಯದ ಅತಿ ದೊಡ್ಡ ಹೆಸರೇ ಸಾಕ್ಷಿ. ಅಲ್ ಕಾನೂನ್ ಬರೆದ ಇಬ್ನ್ ಸೀನಾ ಕರುಳಿನ ಶೂಲೆಯ ಮೇಲೆ ಪ್ರತ್ಯೇಕ ಗ್ರಂಥವನ್ನೇ ರಚಿಸಿದವರು. ಕೊನೆಗೆ ಅದೇ ಕುಲಂಜ್ ಅವರಿಗೆ ಬಂತು. ದೊರೆಯ ಜೊತೆ ದಂಡಯಾತ್ರೆಯಲ್ಲಿದ್ದರು, ಬೇಗ ಗುಣವಾಗಬೇಕೆಂದು ಒಂದೇ ದಿನದಲ್ಲಿ 8 ಸಲ ಬಸ್ತಿ ತೆಗೆದುಕೊಂಡರು, ಕರುಳು ಹುಣ್ಣಾಯಿತು ಎಂದು ಅವರ ಶಿಷ್ಯ ಜೂಝಜಾನಿ ಬರೆದಿಟ್ಟಿದ್ದಾರೆ. 1037ರಲ್ಲಿ ಹಮದಾನಿನಲ್ಲಿ ಅವರು ತೀರಿಕೊಂಡರು.

ಬಹಳ ದಿನದ ಮಲಬದ್ಧತೆಗೆ ನಾನು ಹೆಚ್ಚಾಗಿ ಕೊಡುವುದು ಇತ್ರೀಫಲ್. ತ್ರಿಫಲಾ ಎಂಬ ಸಂಸ್ಕೃತ ಹೆಸರೇ ಅರಬಿಗೆ ಹೋಗಿ ಹೀಗಾಯಿತು. ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ ಅಲ್ಲಿ ಹಲೀಲಜ್, ಬಲೀಲಜ್, ಅಮ್ಲಜ್ ಆದವು. ಮೂರೂ ಯಲ್ಲಾಪುರದ ಕಾಡಿನಲ್ಲಿ ಬೆಳೆಯುತ್ತವೆ. ರಾತ್ರಿ ನೆನೆಸಿದ 3 ಅಂಜೂರ, 8–10 ಒಣದ್ರಾಕ್ಷಿ ಬೆಳಿಗ್ಗೆ ನೀರಿನ ಸಮೇತ ತಿನ್ನುವುದೂ ಒಳ್ಳೆಯದು. ಗುಲ್ಕಂದ್ ಸಕ್ಕರೆ ಕಾಯಿಲೆಯವರಿಗೆ ಬೇಡ, ಅದರಲ್ಲಿ ಗುಲಾಬಿಗಿಂತ ಸಕ್ಕರೆಯೇ ಹೆಚ್ಚು.

ರಮಝಾನ್, ಬಾಣಂತಿ, ಮಗು

ರಮಝಾನಿನ ಮೊದಲ ವಾರ ಮಲಬದ್ಧತೆ ಸಾಮಾನ್ಯ. ಹೊತ್ತು ಬದಲಾಗುತ್ತದೆ, ನೀರು ಕಡಿಮೆಯಾಗುತ್ತದೆ, ಇಫ್ತಾರಿಗೆ ಸಮೋಸ, ಭಜಿ. ಕವಳ, ಬೀಡಿ ಇಲ್ಲದೆ ಬೆಳಿಗ್ಗೆ ಹೊಟ್ಟೆ ಸಡಿಲವಾಗದವರಿಗಂತೂ ಆ ವಾರ ಪರೀಕ್ಷೆಯೇ. ತಂಬಾಕು ಕರುಳನ್ನು ಚುಚ್ಚಿ ಓಡಿಸುತ್ತಿತ್ತು, ಅದು ನಿಂತಾಗ ಕರುಳು ಮಂಕಾಗುತ್ತದೆ. ಒಂದೆರಡು ವಾರದಲ್ಲಿ ಸರಿಹೋಗುತ್ತದೆ, ಈದ್‌ನ ಮರುದಿನ ಮತ್ತೆ ಬೀಡಿ ಹಚ್ಚಬೇಡಿ. ಇಫ್ತಾರ್‌ನಿಂದ ಸಹರಿಯವರೆಗೆ ನೀರನ್ನು ಸ್ವಲ್ಪಸ್ವಲ್ಪವಾಗಿ ಹಂಚಿ ಕುಡಿಯಿರಿ. ಸಹರಿಗೆ ಬಿಳಿ ಅನ್ನದ ಬದಲು ರಾಗಿ, ಗೋಧಿ, ಕೆಂಪಕ್ಕಿ ಇರಲಿ, ಒಂದು ಹಣ್ಣು ಇರಲಿ.

ಗರ್ಭಿಣಿಯರಿಗೆ ದೇಹದ ಬದಲಾವಣೆಯಿಂದಲೇ ಕರುಳು ನಿಧಾನವಾಗುತ್ತದೆ, ಮೇಲೆ ಕಬ್ಬಿಣದ ಮಾತ್ರೆ. ಮಲ ಕಪ್ಪಾಗಿ ಗಟ್ಟಿಯಾಯಿತೆಂದು ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆಯನ್ನು ಹಿತ್ತಿಲಿಗೆ ಎಸೆಯುವವರಿದ್ದಾರೆ. ಎಸೆಯಬೇಡಿ ಅಮ್ಮಾ, ರಕ್ತಹೀನತೆ ಹೆರಿಗೆಯಲ್ಲಿ ಪ್ರಾಣ ತೆಗೆಯುತ್ತದೆ. ಸೊಪ್ಪು, ಹಣ್ಣು, ಇಸಬ್‌ಗೋಲ್ ಹೆಚ್ಚಿಸಿ, ಮಾತ್ರೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ.

ಎಳೆ ಮಗುವಿಗೆ ವಾರಕ್ಕೊಮ್ಮೆ ಹರಳೆಣ್ಣೆ ಕುಡಿಸುವ ಅಜ್ಜಿಯರಿಗೆ ನನ್ನದೊಂದು ವಿನಂತಿ: ನಿಲ್ಲಿಸಿ. ತಾಯಿಹಾಲು ಮಾತ್ರ ಕುಡಿಯುವ ಮಗು ಮೊದಲ ಒಂದೂವರೆ ತಿಂಗಳು ಕಳೆದ ಮೇಲೆ ಕೆಲವು ದಿನ ಮಲ ಮಾಡದಿದ್ದರೂ, ಹಾಲು ಕುಡಿದು ತೂಕ ಏರುತ್ತಿದ್ದರೆ, ಮಲ ಮೆತ್ತಗಿದ್ದರೆ ಅದು ಕಬ್ಝ್ ಅಲ್ಲ. ಎಣ್ಣೆ ಶ್ವಾಸಕ್ಕೆ ಹೋದರೆ ಪುಪ್ಪುಸ ಕೆಡುತ್ತದೆ. ಶಾಲೆಗೆ ಹೋಗುವ ಮಗು ಚಡ್ಡಿಯಲ್ಲಿ ಆಗಾಗ ಸ್ವಲ್ಪ ತೆಳ್ಳಗೆ ಮಾಡಿಕೊಂಡರೆ ಹೊಡೆಯಬೇಡಿ, ಭೇದಿಯ ಔಷಧಿಯನ್ನೂ ಕೊಡಬೇಡಿ. ಎಷ್ಟೋ ಸಲ ಒಳಗೆ ಗಟ್ಟಿ ಮಲ ಕಟ್ಟಿಕೊಂಡು, ಅದರ ಪಕ್ಕದಿಂದ ನೀರಾದದ್ದು ಜಾರಿರುತ್ತದೆ.

ನಾನು ತಪ್ಪಿದ್ದು

ಕೆಲವು ವರ್ಷಗಳ ಹಿಂದೆ ಸಿದ್ದಾಪುರ ಕಡೆಯ ಚೇಣಿ ವ್ಯಾಪಾರಿಯೊಬ್ಬರು ಬಂದರು. ವಯಸ್ಸು 56. ಮಲಬದ್ಧತೆ, ಜೊತೆಗೆ ರಕ್ತ. ಮೂರು ವರ್ಷದಿಂದ ಸೋನಾಮುಖಿ ತೆಗೆದುಕೊಳ್ಳುತ್ತಿದ್ದರು. "ಮೂಲವ್ಯಾಧಿ ಸಾಹೇಬ್ರೆ, ನಮ್ಮ ಅಪ್ಪನಿಗೂ ಇತ್ತು" ಎಂದರು. ಅವರು ಹೇಳಿದ್ದನ್ನೇ ನಾನು ಬರೆದುಕೊಂಡೆ. ಪರೀಕ್ಷೆಗೆ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಆರು ವಾರ ಮೂಲವ್ಯಾಧಿಯ ಔಷಧಿ ಕೊಟ್ಟೆ. ಸ್ವಲ್ಪ ಕಡಿಮೆ ಎಂದರು, ನಾನು ಸಂತೋಷಪಟ್ಟೆ. ಮೂರನೆಯ ಸಲ ಬಂದಾಗ ಅಂಗಿಯ ಕಾಲರ್ ಕುತ್ತಿಗೆಗೆ ಸಡಿಲವಾಗಿ ತೂಗುತ್ತಿದ್ದುದು ಕಣ್ಣಿಗೆ ಬಿತ್ತು. ಕಣ್ಣಿನ ರೆಪ್ಪೆ ಎಳೆದು ನೋಡಿದೆ, ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ 7. ಅಂದೇ ಹುಬ್ಬಳ್ಳಿಗೆ ಕಳಿಸಿದೆ. ದೊಡ್ಡಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ. ಶಸ್ತ್ರಚಿಕಿತ್ಸೆಯಾಯಿತು, ಅಲ್ಲಾಹನ ಕೃಪೆಯಿಂದ ಈಗಲೂ ಓಡಾಡಿಕೊಂಡಿದ್ದಾರೆ, ಆದರೆ ಹೊಟ್ಟೆಯ ಪಕ್ಕದಲ್ಲಿ ಚೀಲ ಹಾಕಿಕೊಂಡು. ಆ ಆರು ವಾರ ನನ್ನದು. ಅದಕ್ಕೆ ಮೊದಲಿನ ಮೂರು ವರ್ಷ ಆ ಪುಡಿಯದು.

ಆದ್ದರಿಂದ ನಾಚಿಕೆ ಬಿಟ್ಟು ಓದಿಕೊಳ್ಳಿ. ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು ಬಣ್ಣ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, 45 ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ, ಒಮ್ಮೆ ಕಟ್ಟಿ ಒಮ್ಮೆ ಭೇದಿಯಾಗುವುದು, ಮಲ ಪೆನ್ಸಿಲ್‌ನಂತೆ ತೆಳ್ಳಗಾಗುತ್ತಾ ಹೋಗುವುದು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದದ್ದು: ಇವುಗಳಲ್ಲಿ ಒಂದಿದ್ದರೂ ಯಾವ ಪುಡಿಯೂ ಬೇಡ, ಯುನಾನಿಯದ್ದೂ ಬೇಡ, ಮೊದಲು ಪರೀಕ್ಷೆ. ಹೊಟ್ಟೆ ಊದಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಅದು ಕರುಳು ಕಟ್ಟಿರುವ ಸೂಚನೆ. ಆಗ ಜುಲಾಬು ಕುಡಿಸಿದರೆ ಕರುಳು ಒಡೆಯಬಹುದು. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ ತಾಲೂಕು ಆಸ್ಪತ್ರೆಗೆ ಹೋಗಿ.

ಥೈರಾಯ್ಡ್ ಕಡಿಮೆಯಾಗಿದ್ದರೆ, ಸಕ್ಕರೆ ಕಾಯಿಲೆ ಹಳತಾಗಿದ್ದರೆ ಮಲಬದ್ಧತೆ ಬರುತ್ತದೆ. ಕೆಲವು ನೋವಿನ ಮಾತ್ರೆ, ಕ್ಯಾಲ್ಸಿಯಂ, ರಕ್ತದೊತ್ತಡದ ಮತ್ತು ಮನೋರೋಗದ ಕೆಲವು ಮಾತ್ರೆಗಳಿಂದಲೂ ಬರುತ್ತದೆ. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಆ ಪುಡಿಯ ಡಬ್ಬಿಯನ್ನೂ ಜೊತೆಗೆ ತೆಗೆದುಕೊಳ್ಳಿ.